ಸೂರ್ಯನ ಮೇಲೆ ತಪ್ಪು ಹೊರಿಸುವವರಿಗೆ



ಬೇಸಿಗೆ ಬಂತೆಂದರೆ ಹೇರೋಹಳ್ಳಿಯ ನಮ್ಮ ಮನೆಗೆ ಬರುವವರಲ್ಲಿ ಯಾರಾದರೊಬ್ಬರು ಹೇಳುವ ಮಾತಿದು: “ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ, ಮೇಷ್ಟ್ರೇ. ನಮ್ಮ ಯು. ಆರ್. ರಾವ್ ಅವರೇ ಹಾಗೆ ಬರೆದಿದ್ದಾರೆ. ನಾವು ಮಾಡುವುದೇನಿದೆ?” ಇದು ವಿಜ್ಞಾನಕ್ಕೂ ರಾವ್ ಅವರಿಗೂ ಬಗೆಯುವ ಅನ್ಯಾಯ.

ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ, ವಿಕ್ರಂ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿ, ಇಸ್ರೋ ಅಧ್ಯಕ್ಷರಾಗಿದ್ದ ರಾವ್, 2011ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ವಿಶ್ವಕಿರಣಗಳು ಗಾಳಿಯಲ್ಲಿ ಅಯಾನುಗಳನ್ನುಂಟುಮಾಡುತ್ತವೆ. ಅವು ಮೋಡದ ಹನಿ ಕಟ್ಟಲು ನೆರವಾಗಬಲ್ಲವು. ಸೂರ್ಯ ಚುರುಕಾದಾಗ ಅವನ ಕಾಂತಕ್ಷೇತ್ರ ಈ ಕಿರಣಗಳನ್ನು ತಡೆಯುತ್ತದೆ. ಆಗ ಕೆಳಮಟ್ಟದ ಮೋಡ ಕಡಿಮೆಯಾಗಿ ನೆಲಕ್ಕೆ ಬಿಸಿಲು ಹೆಚ್ಚುತ್ತದೆ. ಹೀಗೆಂಬ ಡೆನ್ಮಾರ್ಕಿನ ಸ್ವೆನ್ಸ್‌ಮಾರ್ಕ್ ಅವರ ವಾದವನ್ನು ಆಧರಿಸಿ, ತಾಪ ಏರಿಕೆಯಲ್ಲಿ ಇದರ ಪಾಲು ಗಣನೀಯವೆಂದು ರಾವ್ ಲೆಕ್ಕ ಹಾಕಿದರು. ಕಾರ್ಬನ್ ಡೈಆಕ್ಸೈಡಿನ ಪಾಲೇ ಇಲ್ಲವೆಂದು ಅವರು ಹೇಳಲಿಲ್ಲ. ಅವರ ಹೆಸರೆತ್ತುವವರಲ್ಲಿ ಎಷ್ಟು ಮಂದಿ ಆ ಲೇಖನ ಓದಿದ್ದಾರೆ?

ವಾದ ಎಷ್ಟೇ ದೊಡ್ಡವರದಾದರೂ ಪರೀಕ್ಷೆಗೆ ಕೂರಲೇಬೇಕು. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. ಸುಮಾರು 11 ವರ್ಷಗಳ ಏರಿಳಿತ ಅಲ್ಲಿದೆ. ನಿರಂತರ ಏರಿಕೆ ಇಲ್ಲ. 2009ರಲ್ಲಿ ಸೂರ್ಯ ಮಂಕಾಗಿ, ವಿಶ್ವಕಿರಣಗಳು ಬಾಹ್ಯಾಕಾಶ ಯುಗದಲ್ಲಿ ಅದುವರೆಗಿನ ಅತ್ಯಧಿಕ ಮಟ್ಟ ಮುಟ್ಟಿದವು. ಭೂಮಿ ತಣಿಯಬೇಕಿತ್ತಲ್ಲವೇ? ಮರುವರ್ಷವೇ, ಅಂದರೆ 2010, ಅಲ್ಲಿಯವರೆಗಿನ ಅತ್ಯಂತ ಬಿಸಿ ವರ್ಷಗಳಲ್ಲೊಂದಾಯಿತು. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ‘ಕ್ಲೌಡ್’ ಪ್ರಯೋಗ, ಅಯಾನುಗಳು ಸೂಕ್ಷ್ಮ ಕಣಗಳ ಹುಟ್ಟಿಗೆ ನೆರವಾಗುವುದನ್ನು ತೋರಿಸಿಕೊಟ್ಟಿತು. ಆದರೆ ವಿಶ್ವಕಿರಣಗಳ ಏರಿಳಿತ ಇಂದಿನ ಮೋಡಗಳನ್ನು ಗಮನಾರ್ಹವಾಗಿ ಬದಲಿಸಲಾರದೆಂದು 2016ರಲ್ಲಿ ತಿಳಿಸಿತು. ಇನ್ನೊಂದು ಸಾಕ್ಷಿ: ಸೂರ್ಯನೇ ಕಾರಣನಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು. ಅಲ್ಲಿ ತಂಪಾಗುತ್ತಿದೆ.

ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280 ಭಾಗದಷ್ಟಿದ್ದ ಕಾರ್ಬನ್ ಡೈಆಕ್ಸೈಡ್ 420ನ್ನು ದಾಟಿದೆ. ಅದು ನಾವು ಸುಟ್ಟ ಕಲ್ಲಿದ್ದಲಿನ, ಪೆಟ್ರೋಲಿನ ಲೆಕ್ಕ. ಮಾಗಡಿ ರಸ್ತೆಯಲ್ಲಿ ನಿಂತು ಒಂದು ಗಳಿಗೆ ಉಸಿರಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ರಾವ್ 2017ರಲ್ಲಿ ನಮ್ಮನ್ನಗಲಿದರು. ಪ್ರಶ್ನೆ ಕೇಳುವ ಧೈರ್ಯ ಅವರದಾಗಿತ್ತು. ಅದನ್ನು ನಮ್ಮ ಆಲಸ್ಯಕ್ಕೆ ಹೊದಿಕೆ ಮಾಡಿಕೊಳ್ಳುವುದು ಸಲ್ಲದು. ಭಿನ್ನಾಭಿಪ್ರಾಯವಿದ್ದವರು ಧಾರಾಳವಾಗಿ ಬರೆಯಿರಿ. ಆದರೆ ಮೊದಲು ಆ ಲೇಖನವನ್ನು ಓದಿ ಬರೆಯಿರಿ. ಮೇಷ್ಟ್ರ ಈ ಒಂದು ಹಟವನ್ನು ಸಹಿಸಿಕೊಳ್ಳಿ.