ಶೇಕಡಾ ಚಿಹ್ನೆಗೆ ಹೆದರಿ ಕನ್ನಡವನ್ನು ಬಿಡಬೇಕೆ?

ಮೊನ್ನೆ ವಿದ್ಯಾರ್ಥಿಯೋರ್ವನ ತಂದೆ ಮೊಬೈಲು ಹಿಡಿದುಕೊಂಡು ಶಾಲೆಗೆ ಬಂದರು. "ಮಾಷ್ಟ್ರೇ, ಇದು ಮೋಸದ ಸಂದೇಶ ಅಲ್ಲವಾ?" ಎಂದು ಕೇಳಿದರು. ನೋಡಿದರೆ ನಾನೇ ಮಕ್ಕಳಿಗೆ ಕಳುಹಿಸಿದ್ದ, ಕನ್ನಡ ವಿಕಿಪೀಡಿಯದ 'ಕಾಸರಗೋಡು' ಪುಟದ ವಿಳಾಸ! ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸರಮಾಲೆ ಮಾತ್ರ. ಅವರ ಭಯ ಸಹಜವೇ.

ಜಾಲವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಹಾಗೂ ಕೆಲವೇ ಚಿಹ್ನೆಗಳು ನೇರವಾಗಿ ಹೋಗಬಹುದು. 2005ರಲ್ಲಿ ಪ್ರಕಟವಾದ ಅಂತರಜಾಲ ನಿಯಮಾವಳಿಯೂ ಇದನ್ನೇ ವಿಧಿಸುತ್ತದೆ. ಉಳಿದುದೆಲ್ಲ ಸಂಕೇತವಾಗಿಯೇ ಸಾಗಬೇಕು. ಪದಗಳ ನಡುವಿನ ತೆರಪು '%20' ಆಗುತ್ತದೆ. ನಮ್ಮ 'ಕ' ಅಕ್ಷರ '%ಇ0%ಬಿ2%95' ಆಗುತ್ತದೆ. ಅಂದರೆ 9 ಗುರುತುಗಳು. ಇಲ್ಲಿನ ಇ, ಬಿ ಇಂಗ್ಲಿಷಿನವು. ಕಾಗುಣಿತದ ಚಿಹ್ನೆಗಳಿಗೂ ಪ್ರತ್ಯೇಕವಾಗಿ ಒಂಬತ್ತೊಂಬತ್ತು. ಇಂಗ್ಲಿಷಿನಲ್ಲಿ 9 ಅಕ್ಷರಗಳಲ್ಲಿ ಮುಗಿಯುವ 'ಕಾಸರಗೋಡು' ಕನ್ನಡದಲ್ಲಿ 72 ಗುರುತುಗಳಷ್ಟು ಉದ್ದವಾಗುವುದು ಹೀಗೆ. ನೆರೆಯ ಮಲಯಾಳದ ಪಾಡೂ ಇದೇ.

ಇದರಿಂದ ಕನ್ನಡ ಕೆಡುವುದಿಲ್ಲ. ಹಿಂದೆ ತಂತಿ ಕಚೇರಿಯಲ್ಲಿ 'ಕಟ್ಟ ಕಡ' ಎಂದು ಬಡಿದದ್ದು ಆಚೆ ಊರಲ್ಲಿ ಅಕ್ಷರವಾಗುತ್ತಿತ್ತಲ್ಲವೆ? ಇದೂ ಹಾಗೆಯೇ. ಸರಿಯಾಗಿ ಬಿಡಿಸಿದರೆ ಒಂದು ಒತ್ತಕ್ಷರವೂ ನಷ್ಟವಾಗದು.

ಕೆಡಿಸುವುದು ಮನುಷ್ಯರ ಅಲಕ್ಷ್ಯ. ಒಂದು ಕಚೇರಿಯ ಜಾಲಪುಟದಲ್ಲಿ ವಿದ್ಯಾರ್ಥಿನಿಯ ಹೆಸರನ್ನು ಕನ್ನಡದಲ್ಲಿ ತುಂಬಿದೆ. ಮುಂದಿನ ಪುಟದಲ್ಲಿ ಹೆಸರಿನ ಜಾಗದಲ್ಲಿ ಬರೇ ಪ್ರಶ್ನಾರ್ಥಕ ಚಿಹ್ನೆಗಳು! ವಿಚಾರಿಸಿದರೆ, "ಇಂಗ್ಲಿಷಿನಲ್ಲಿ ಬರೆಯಿರಿ" ಎಂಬ ಉತ್ತರ. ದೇಶದಲ್ಲಿಯಾಗಲಿ ರಾಜ್ಯದಲ್ಲಿಯಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ. ಕಾಗದದಲ್ಲಿರುವ ಹಕ್ಕು ಯಂತ್ರದ ನೆಪದಲ್ಲಿ ಇಲ್ಲವಾಗಬಾರದು. ಜಾಲಪುಟ ತೆರೆಯುವ ಮುನ್ನ ಕನ್ನಡ ಹೆಸರುಗಳನ್ನು ತುಂಬಿ ಪರೀಕ್ಷಿಸಿ ನೋಡಿರೆಂದು ಅಧಿಕಾರಿಗಳನ್ನು ನಾವು ಒತ್ತಾಯಿಸಬೇಕು.

ಹೆತ್ತವರಲ್ಲಿಯೂ ಒಂದು ವಿನಂತಿ. ಮೋಸವನ್ನು ಶೇಕಡಾ ಚಿಹ್ನೆಯಿಂದ ಅಳೆಯಬೇಡಿ. ವಿಳಾಸದ ಆರಂಭದಲ್ಲಿರುವ ತಾಣದ ಹೆಸರನ್ನು ಪೂರ್ತಿ ಓದಿ ನಿರ್ಧರಿಸಿ. ಉದ್ದದ ವಿಳಾಸವನ್ನು ಕೈಯಿಂದ ಬರೆಯಲು ಹೋಗದೆ ಇಡಿಯಾಗಿ ನಕಲು ಮಾಡಿ ಕಳುಹಿಸಿ. ನಡುವೆ ತುಂಡಾದರೆ ಪುಟ ಸಿಗಲಾರದು. ಆದರೆ ಉದ್ದವಾಯಿತೆಂದು ಪುಟದ ಶೀರ್ಷಿಕೆಯನ್ನೇ ಇಂಗ್ಲಿಷಿಗೆ ಬದಲಾಯಿಸಬೇಡಿ.

ಊರಿನ ನಾಮಫಲಕದಲ್ಲಿ ಕನ್ನಡ ಬೇಕೆಂದು ಕೇಳುತ್ತ ಬಂದವರು ನಾವು. ಜಾಲವಿಳಾಸವೆಂಬ ಈ ಹೊಸ ಫಲಕದಿಂದ ಅದನ್ನು ನಾವೇ ಅಳಿಸಿದರೆ, ನಾಳೆ ಯಾರನ್ನು ದೂರೋಣ?

- ಓರ್ವ ಹೈಸ್ಕೂಲು ಅಧ್ಯಾಪಕ