ಮುಂಗಡಕ್ಕೆ ಬಾಂಡು, ಪಗಾರಕ್ಕೆ ಬಾಯಿಮಾತು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಒಂದು ನಂಬಿಕೆ ಆಳವಾಗಿ ಬೇರುಬಿಟ್ಟಿದೆ. ಮೇಸ್ತ್ರಿ ಕೊಟ್ಟ ಮುಂಗಡ ಅಂದರೆ ಕಾನೂನು, ಆಳು ದುಡಿದ ಪಗಾರ ಅಂದರೆ ಮೇಸ್ತ್ರಿಯ ದೊಡ್ಡ ಮನಸ್ಸು. ಮುಂಗಡವನ್ನು ಬಾಂಡ್ ಪೇಪರಿನ ಮೇಲೆ ಬರೆಸುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ, ಇಬ್ಬರು ಸಾಕ್ಷಿದಾರರನ್ನು ನಿಲ್ಲಿಸುತ್ತಾರೆ, ಮೇಲೆ ನೋಟರಿ ಸೀಲು ಬೀಳುತ್ತದೆ. ಪಗಾರದ ಮಾತು ಮಾತ್ರ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಂತಲ್ಲೇ ಮುಗಿದುಹೋಗುತ್ತದೆ. ಮುಂದೆ ತಕರಾರು ಎದ್ದಾಗ ಊರಿನ ಪಂಚರು, ಠಾಣೆಯವರು, ಕೆಲವು ಸಲ ನಮ್ಮ ವಕೀಲರೂ ಕೈಯಲ್ಲಿ ಕಾಗದ ಇದ್ದವನ ಕಡೆಗೇ ವಾಲುತ್ತಾರೆ. ಸುರಪುರದ ಕೋರ್ಟಿನಲ್ಲಿ ವಕೀಲಿ ಮಾಡುವ ನನಗೆ ಇದು ಪೂರಾ ಉಲ್ಟಾ ಕಾಣುತ್ತದೆ. ಕಾನೂನಿನ ಲೆಕ್ಕದಲ್ಲಿ ಆ ಬಾಯಿಮಾತು ಗಟ್ಟಿ ಕರಾರು. ಆ ಬಾಂಡು ಬಹಳ ಸಲ ಬರೀ ಕಾಗದ.

1872ರ ಭಾರತೀಯ ಕರಾರು ಕಾಯ್ದೆ ಬರವಣಿಗೆ ಕೇಳುವುದಿಲ್ಲ. ಅದರ 10ನೇ ಕಲಂ ಕೇಳುವುದು ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಇಬ್ಬರು, ಒತ್ತಾಯವಿಲ್ಲದ ಒಪ್ಪಿಗೆ, ಕಾನೂನಿಗೆ ಒಗ್ಗುವ ಕೊಡು-ಕೊಳ್ಳು. ಬೇರೆ ಯಾವುದೋ ಕಾನೂನು ಬರೆಯಲೇಬೇಕು ಎಂದು ಹೇಳಿದ್ದರೆ ಆ ಮಾತು ಬೇರೆ. ‘ದಿನಕ್ಕ ಆರ್ನೂರು ಕೊಡ್ತೀನಿ, ಬರ್ರಿ’ ಎಂದು ಮೇಸ್ತ್ರಿ ಕರೆದ, ಇವರು ಹೋಗಿ ಕೆಲಸಕ್ಕೆ ನಿಂತರು. ಕರಾರು ಆಯಿತು. ಕೆಲಸ ಮಾಡಿ ತೋರಿಸಿದ್ದೇ ಒಪ್ಪಿಗೆ ಎನ್ನುತ್ತದೆ 8ನೇ ಕಲಂ. ದರದ ಮಾತೇ ಆಗಿರಲಿಲ್ಲ ಅನ್ನಿ, ಆಗಲೂ 70ನೇ ಕಲಂ ಇದೆ: ಪುಕ್ಕಟೆ ಮಾಡುವ ಮನಸ್ಸಿಲ್ಲದೆ ಒಬ್ಬ ದುಡಿದುಕೊಟ್ಟು, ಇನ್ನೊಬ್ಬ ಅದರ ಲಾಭ ಉಂಡಿದ್ದರೆ ಬೆಲೆ ಕಟ್ಟಿಕೊಡಲೇಬೇಕು.

ಬಾಂಡಿನ ಕಡೆ ಬರೋಣ. ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಝೆರಾಕ್ಸ್ ಪ್ರತಿ ತಂದಿದ್ದಳು. ಮಗ-ಸೊಸೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅಲ್ಲಿ ಸೊಸೆಗೆ ಮೈಯಲ್ಲಿ ಹುಷಾರಿಲ್ಲದಂತಾಗಿ ಇಬ್ಬರೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಗೆ ಬಂದಿಳಿದಿದ್ದರು. ಮೇಸ್ತ್ರಿ ಬೆನ್ನಿಗೇ ಬಂದು ಮನೆ ಕಟ್ಟೆಯ ಮೇಲೆ ಕೂತಿದ್ದ. ‘ಯವ್ವಾ, ಬಾಂಡ್ ಬರ್ದು ಕೊಟ್ಟೀವಿ. ಇಲ್ಲ ಹೋಗಬೇಕು, ಇಲ್ಲ ರೊಕ್ಕ ಕಟ್ಟಬೇಕಂತ. ಸೊಸಿ ಎದ್ದು ಕುಂದ್ರವಲ್ಲಳು’ ಎಂದಳು ಅಜ್ಜಿ. ಕಾಗದದಲ್ಲಿ ಇದ್ದದ್ದು ಇಷ್ಟೇ: ಸಂಸಾರದ ಅಡಚಣೆ ಸಲುವಾಗಿ 50,000 ರೂಪಾಯಿ ಕೈಗಡ ಪಡೆದಿದ್ದು, ಕೇಳಿದಾಗ ಬಡ್ಡಿ ಸಹಿತ ಮರಳಿ ಕೊಡಲು ಬದ್ಧ. ಬೆಂಗಳೂರು ಎಂಬ ಹೆಸರಿಲ್ಲ. ಕೆಲಸದ ಸುದ್ದಿಯಿಲ್ಲ. ದಿನಕ್ಕೆಷ್ಟು, ಎಷ್ಟು ದಿನ, ಊಟದ್ದು ಯಾರ ಖರ್ಚು, ಒಂದೂ ಇಲ್ಲ. ಓದಿದವರಿಗೆ ಇದು ಇಬ್ಬರು ಗೆಳೆಯರ ನಡುವಿನ ಕೈಸಾಲ ಅನ್ನಿಸಬೇಕು, ಹಾಗೆ ಬರೆದಿದ್ದರು.

ನಾನು ಅಜ್ಜಿಯ ಮಗನನ್ನು ಕರೆಸಿ ಲೆಕ್ಕಕ್ಕೆ ಕೂರಿಸಿದೆ. ಗಂಡನಿಗೆ ದಿನಕ್ಕೆ 600, ಹೆಂಡತಿಗೆ 450 ಎಂದು ಮಾತಾಗಿತ್ತು. 13 ವಾರ, ವಾರಕ್ಕೆ ಆರು ದಿನ, ಒಟ್ಟು 78 ಹಾಜರಿ. ಗಂಡನದು 46,800, ಹೆಂಡತಿಯದು 35,100, ಸೇರಿ 81,900. ವಾರದ ಖರ್ಚಿಗೆಂದು ಇಬ್ಬರಿಗೂ ಸೇರಿ ಮೇಸ್ತ್ರಿ ಕೊಡುತ್ತಿದ್ದದ್ದು 2,000, ಅದು 26,000. ಉಳಿದದ್ದು 55,900. ಮುಂಗಡ 50,000 ಮುರಿದುಕೊಂಡರೆ 5,900 ರೂಪಾಯಿ ಮೇಸ್ತ್ರಿಯೇ ಇವರಿಗೆ ಕೊಡಬೇಕು! ಇಬ್ಬರೂ ಹೊತ್ತದ್ದು ಅದೇ ಕಾಂಕ್ರೀಟ್ ಪುಟ್ಟಿ, ಹತ್ತಿದ್ದು ಅದೇ ಮೆಟ್ಟಿಲು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡಬಾರದೆಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿತ್ತು, ಈಗಿನ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆ ವ್ಯತ್ಯಾಸ 11,700 ಸೇರಿಸಿದರೆ ಬಾಕಿ 17,600ಕ್ಕೆ ಏರುತ್ತದೆ. ಹುಡುಗ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದ. ತಾನು ಸಾಲಗಾರ ಎಂದೇ ನಂಬಿ ಊರಲ್ಲಿ ತಲೆ ತಗ್ಗಿಸಿ ತಿರುಗುತ್ತಿದ್ದವನು ಅವನು.

‘ಕೈಗಡ’ ಎಂದು ಬರೆದ ಮಾತ್ರಕ್ಕೆ ಅದು ಕೈಗಡ ಆಗುವುದಿಲ್ಲ. ಕೋರ್ಟು ಕಾಗದದ ಮೇಲ್ಬರಹ ನೋಡಿ ನಿಲ್ಲುವುದಿಲ್ಲ, ವ್ಯವಹಾರದ ಹೊಟ್ಟೆಯೊಳಗೆ ಏನಿತ್ತು ಎಂದು ಕೇಳುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಮುಂಗಡದ ಋಣಕ್ಕೆ ಒಬ್ಬನನ್ನು ಕಟ್ಟಿಹಾಕಿ ದುಡಿಸಿಕೊಳ್ಳುವ ಕರಾರು, ಬರೆದದ್ದಿರಲಿ ಬಾಯಲ್ಲಿ ಆಡಿದ್ದಿರಲಿ, ಶೂನ್ಯ. ಆ ಸಾಲ ತೀರಿಸುವ ಹೊಣೆಯೂ ಅಲ್ಲಿಗೇ ಮುಗಿಯಿತು ಎನ್ನುತ್ತದೆ 6ನೇ ಕಲಂ. ಇದು ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲ ಎಂದು ರುಜು ಮಾಡುವ ಭಾರ ಸಾಲ ಕೊಟ್ಟವನದು. ಈ ಕಾಯ್ದೆಯ ವ್ಯಾಖ್ಯೆಯಲ್ಲಿ ದೇಶದ ನಾನಾ ಕಡೆಯ ಜೀತದ ಹೆಸರುಗಳ ಪಟ್ಟಿಯೇ ಇದೆ. ಜೀತ, ಹೊಲ್ಯ, ಪಾಲೇರು, ವೆಟ್ಟಿ ಇವುಗಳ ಜತೆಗೆ ಭಗೇಲಾ ಕೂಡ ಇದೆ. ಭಗೇಲಾ ನಮ್ಮದೇ ಹಳೇ ಹೈದರಾಬಾದ್ ಸಂಸ್ಥಾನದ ಪದ್ಧತಿ. 1943ರಲ್ಲಿ ನಿಜಾಮ ಸರಕಾರವೇ ಅದಕ್ಕೊಂದು ನಿಯಮಾವಳಿ ತರಬೇಕಾಯಿತು ಅಂದರೆ ಅದೆಷ್ಟು ಹಬ್ಬಿರಬೇಕು ನೋಡಿ.

ಹಾಗೆಂದು ಎಲ್ಲ ಮುಂಗಡವೂ ಜೀತವಲ್ಲ. ಯುಗಾದಿಯಿಂದ ಯುಗಾದಿಗೆ ಸಂಬಳದ ಆಳಾಗಿ ಇದ್ದು, ಮುಂಗಡ ಮುರಿಸಿಕೊಂಡು, ಮನಸ್ಸಿಲ್ಲದಿದ್ದರೆ ಬೇರೆ ಕಡೆ ಹೋಗುವ ದಾರಿ ತೆರೆದಿದ್ದರೆ ಅದು ಮಾಮೂಲಿ ಕೊಡು-ಕೊಳ್ಳು. ದಾರಿ ಮುಚ್ಚಿದ ಹೊತ್ತಿಗೆ ಅದು ಬೇರೆಯಾಗುತ್ತದೆ. 1982ರ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದೇ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಬಲವಂತ ಅಂದರೆ ಬಾರುಕೋಲು ಒಂದೇ ಅಲ್ಲ, ಹಸಿವೂ ಬಲವಂತವೇ. ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೂ ಒಂದು ಹೆಜ್ಜೆ ಇಟ್ಟಿತು: ಬಲವಂತದ ದುಡಿಮೆ ಕಂಡುಬಂದರೆ, ಅದರ ಹಿಂದೆ ಮುಂಗಡದ ಋಣ ಇದೆ ಎಂದೇ ಮೊದಲು ಭಾವಿಸಬೇಕು.

‘ಇಲ್ಲ ಹೋಗಬೇಕು’ ಎಂಬ ಮಾತಂತೂ ಯಾವ ಕಾನೂನಿನಲ್ಲೂ ಇಲ್ಲ. ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಕಾರನಿಗೆ ಮ್ಯಾಜಿಸ್ಟ್ರೇಟರು ‘ದುಡಿ, ಇಲ್ಲವೇ ದುಡ್ಡು ಕಟ್ಟು’ ಎಂದು ಆದೇಶ ಕೊಟ್ಟು, ಮೀರಿದರೆ ಜೈಲಿಗೆ ಕಳಿಸುವ ಕಾಯ್ದೆಯೊಂದನ್ನು ಬ್ರಿಟಿಷರು 1859ರಲ್ಲಿ ಮಾಡಿದ್ದರು. 1925ರಲ್ಲಿ ಅವರೇ ಅದರ ರದ್ದತಿಗೆ ಕಾಯ್ದೆ ತಂದರು. ನಮ್ಮ ಕೆಲವು ಠಾಣೆಗಳ ಜಗುಲಿಯಲ್ಲಿ ಅದಿನ್ನೂ ಜಾರಿಯಲ್ಲಿದೆ ಎನ್ನಬೇಕು, ಯಾಕೆಂದರೆ ರಾಜಿ ಹೆಸರಿನಲ್ಲಿ ಹಳೇ ಬಾಂಡು ಹರಿದು ಹೊಸ ಬಾಂಡು ಬರೆಸುವುದು ಅಲ್ಲೇ. ಕರಾರು ಮುರಿದರೆ ಕೇಳಬಹುದಾದದ್ದು ನಷ್ಟದ ಪರಿಹಾರ, ಅದೂ ನಿಜವಾಗಿ ಆದಷ್ಟು, ಅದೂ ಸಿವಿಲ್ ಕೋರ್ಟಿನಲ್ಲಿ. ಮನುಷ್ಯನನ್ನು ಎಳೆದುಕೊಂಡು ಹೋಗುವ ಹಕ್ಕು ಯಾರಿಗೂ ಇಲ್ಲ.

ಮೇಸ್ತ್ರಿಯ ಕಡೆಯದನ್ನೂ ಹೇಳಬೇಕು. ಆತ ಪರದೇಶದವನಲ್ಲ, ಪಕ್ಕದ ಹಳ್ಳಿಯವನೋ ತಾಂಡಾದವನೋ ಆಗಿರುತ್ತಾನೆ, ನಿನ್ನೆಮೊನ್ನೆ ತನಕ ತಾನೂ ಪುಟ್ಟಿ ಹೊತ್ತವನು. ಬೆಂಗಳೂರಿನ ಗುತ್ತೇದಾರ ಅವನ ಕೈಗೆ ದುಡ್ಡು ಕೊಟ್ಟು ‘ಹತ್ತು ಜೋಡಿ ತಾ’ ಎಂದಿರುತ್ತಾನೆ. ಇಬ್ಬರು ಮೇಸ್ತ್ರಿಗಳ ಹತ್ತಿರ ಮುಂಗಡ ಇಸ್ಕೊಂಡು ಮೂರನೆಯವನ ಜತೆ ಪುಣೆಗೆ ಹೋದ ಜೋಡಿಗಳೂ ಇಲ್ಲದಿಲ್ಲ. ಮೇಲಿನಿಂದ ಬಿಲ್ಲು ಬರದಿದ್ದರೆ ಇವನೂ ಮುಳುಗಿದ. ಇಲ್ಲಿ ನಮ್ಮ ಜನ ಮರೆಯುವ ಮಾತೊಂದಿದೆ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದನ್ನು ಹೇಳಿತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಹೇಳುತ್ತವೆ. ಹಾಗಿದ್ದ ಮೇಲೆ ಮೇಸ್ತ್ರಿ ಮತ್ತು ಆಳು ಒಬ್ಬರ ಅಂಗಿ ಒಬ್ಬರು ಹಿಡಿಯುವ ಬದಲು, ಇಬ್ಬರೂ ಕೂಡಿ ಬಿಲ್ಡರಿಗೆ ನೋಟಿಸು ಕೊಡಬಹುದು. ನನ್ನ ಹತ್ತಿರ ಬಂದ ಮೇಸ್ತ್ರಿಗಳಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಬಿಲ್ಡರಿನ ಹೆಸರು ಬರೆಸಲು ಹಿಂದೆಮುಂದೆ ನೋಡುತ್ತಾರೆ. ಮುಂದಿನ ವರ್ಷದ ಕೆಲಸದ ಚಿಂತೆ.

ಬಾಂಡಿನ ಭಯ ಓದಿದವರಿಗೂ ಕಡಿಮೆ ಇಲ್ಲ. ಬಿ.ಇಡಿ ಮುಗಿಸಿದ ಹುಡುಗಿಯೊಬ್ಬಳು ಖಾಸಗಿ ಶಾಲೆಗೆ ಸೇರುವಾಗ ಮೂರು ವರ್ಷದ ಬಾಂಡು ಬರೆದು, ಮೂಲ ಅಂಕಪಟ್ಟಿಗಳನ್ನೂ ಕೊಟ್ಟು ಬಂದಿದ್ದಳು. ಸರಕಾರಿ ನೌಕರಿಯ ದಾಖಲೆ ಪರಿಶೀಲನೆಗೆ ಅವು ಬೇಕಾದಾಗ ಒಂದು ಲಕ್ಷ ಕಟ್ಟು ಎಂದರು. ಇಂಥಲ್ಲಿ ನಾನು ಎರಡನ್ನೂ ಹೇಳುತ್ತೇನೆ. ಎಲ್ಲ ನೌಕರಿ ಬಾಂಡೂ ಸುಳ್ಳಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಅಧಿಕಾರಿ ಕಟ್ಟಿದ ಎರಡು ಲಕ್ಷದ ಷರತ್ತನ್ನು ನಮ್ಮ ಹೈಕೋರ್ಟು ತಳ್ಳಿಹಾಕಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಆಯ್ಕೆ ಮಾಡಬೇಕು, ಅದಕ್ಕೆ ಖರ್ಚಿದೆ ಎಂಬುದು ಅಲ್ಲಿನ ಆಧಾರ. ಈ ಶಾಲೆಗೆ ಆದ ನಷ್ಟವೇನು? ತರಬೇತಿ ಕೊಟ್ಟಿಲ್ಲ, ಆಯ್ಕೆಗೆ ಖರ್ಚು ಮಾಡಿಲ್ಲ, ಸಂಬಳ ಮೂರು ತಿಂಗಳಿಗೊಮ್ಮೆ. ಬಾಂಡಿನಲ್ಲಿ ಲಕ್ಷ ಎಂದು ಬರೆದಿದ್ದರೂ ತಕ್ಕಷ್ಟು ಪರಿಹಾರ ಮಾತ್ರ ಸಿಗುತ್ತದೆ, ಲಕ್ಷ ಅದರ ಮೇಲ್ಮಿತಿ ಅಷ್ಟೇ, ಇದು ಕರಾರು ಕಾಯ್ದೆಯ 74ನೇ ಕಲಂ. ಅಂಕಪಟ್ಟಿ ಒತ್ತೆಯಿಟ್ಟುಕೊಳ್ಳುವ ಹಕ್ಕಂತೂ ಯಾವ ಕಲಮಿನಲ್ಲೂ ಇಲ್ಲ.

ಲಾವಣಿ ಬಾಂಡುಗಳದ್ದು ಇನ್ನೊಂದು ಕಥೆ. ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನು ಎಕರೆಗಿಷ್ಟು ಎಂದು ಲಾವಣಿ ಕೊಡುವುದು ಶಹಾಪುರ, ಸುರಪುರ ಕಡೆ ಹಾದಿಬೀದಿಯ ವ್ಯವಹಾರ. ಎರಡನೇ ಬೆಳೆಗೆ ನೀರು ಬರದ ವರ್ಷ ನಷ್ಟ ಯಾರದು ಎಂದು ನನ್ನ ಕಚೇರಿಗೆ ಬರುತ್ತಾರೆ, ಇಬ್ಬರ ಕೈಯಲ್ಲೂ ಬಾಂಡು. ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಕೃಷಿ ಭೂಮಿಯ ಗೇಣಿಯನ್ನೇ, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸಿದೆ. ಸೀಲು ಎಷ್ಟೇ ದೊಡ್ಡದಿರಲಿ, ಆ ಕರಾರನ್ನು ಜಾರಿ ಮಾಡಿಕೊಡಿ ಎಂದು ಕೋರ್ಟಿಗೆ ಹೋದರೆ ಇಬ್ಬರಿಗೂ ಕೈ ಸಿಗುವುದು ಕಷ್ಟ.

ಪುರಾವೆಯ ವಿಷಯದಲ್ಲಿ ಕಾಲ ಬದಲಾಗಿದೆ, ಜನಕ್ಕೆ ಗೊತ್ತಾಗಿಲ್ಲ. ಮೇಸ್ತ್ರಿ ವಾರದ ಖರ್ಚಿಗೆ ಫೋನ್‌ಪೇ ಮಾಡಿದ್ದರೆ ಅದೇ ಅವನು ಮಾಲೀಕನ ಕಡೆಯವನು ಎಂಬುದಕ್ಕೆ ದಾಖಲೆ. ವಾಟ್ಸಾಪಿನಲ್ಲಿ ‘ನಾಳೆ ಸ್ಲ್ಯಾಬ್ ಐತಿ, ಎಂಟಕ್ಕ ಬರ್ರಿ’ ಎಂಬ ಧ್ವನಿಯನ್ನು ಅಳಿಸಬೇಡಿ. ಸೈಟಿನ ಬೋರ್ಡಿನ ಮುಂದೆ ನಿಂತು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. 2019ರ ವೇತನ ಸಂಹಿತೆಯ ಪ್ರಕಾರ ಪಗಾರ ಬಾಕಿಯ ಅರ್ಜಿಗೆ ಮೂರು ವರ್ಷ ಅವಕಾಶವಿದೆ, 1936ರ ಹಳೇ ಕಾಯ್ದೆಯಲ್ಲಿ ಹನ್ನೆರಡೇ ತಿಂಗಳಿತ್ತು. ಪಗಾರ ಕೊಟ್ಟಿದ್ದೇನೆ ಎಂದು ರುಜು ಮಾಡುವ ಭಾರವೂ ಮಾಲೀಕನ ಮೇಲೆ. ಇದು ಒಳ್ಳೆಯದು. ಆದರೆ ಹೊರರಾಜ್ಯಕ್ಕೆ ಹೋಗುವವರಿಗೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಕೊಟ್ಟಿದ್ದ ಫೋಟೊ ಅಂಟಿಸಿದ ಪಾಸ್‌ಬುಕ್ಕು, ಊರು ಬಿಟ್ಟದ್ದಕ್ಕೆ ಅರ್ಧ ತಿಂಗಳ ಪಗಾರದ ಭತ್ಯೆ ಹೊಸ ಸಂಹಿತೆಗಳಲ್ಲಿ ಉಳಿದಿಲ್ಲ. ಕೈಯಲ್ಲಿ ಒಂದು ಚೀಟಿ ಇರಲಿ ಎಂದು ಗೋಗರೆಯುವ ನಮ್ಮಂಥವರಿಗೆ ಆ ಪಾಸ್‌ಬುಕ್ಕಿನದೇ ದೊಡ್ಡ ನಷ್ಟ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಿಟ್ಟಿ ದುಡಿಮೆಗೆ ಸಿಕ್ಕಿದವರು, ಇವರಿಗೆಲ್ಲ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ವಕೀಲರು ಪುಕ್ಕಟೆ. 15100ಕ್ಕೆ ಫೋನು ಮಾಡಿದರೆ ಸಾಕು.

ಕಡೆಗೆ ನಮ್ಮವರ ಮಾತು. ಈ ‘ಕೈಗಡ’ ಬಾಂಡುಗಳನ್ನು ಬರೆಯುವವರು ತಹಶೀಲ್ ಕಚೇರಿಯ ಮುಂದೆ ಟೇಬಲ್ ಹಾಕಿಕೊಂಡ ಬಾಂಡ್ ರೈಟರುಗಳು, ಸೀಲು ಹಾಕುವವರು ನಮ್ಮ ಜತೆಯ ನೋಟರಿಗಳು. ಎದುರಿಗೆ ಕೂತ ಜೋಡಿ ಬೆಂಗಳೂರಿಗೆ ದುಡಿಯಲು ಹೊರಟಿದೆ ಎಂದು ಅವರಿಗೆ ಗೊತ್ತಿರುತ್ತದೆ, ಬ್ಯಾಗುಗಳು ಅಲ್ಲೇ ಇರುತ್ತವೆ. ನೋಟರಿ ಸೀಲು ಹೇಳುವುದು ಸಹಿ ಇಂಥವರದ್ದು ಎಂದಷ್ಟೇ. ಹಳ್ಳಿಯಲ್ಲಿ ಅದು ಕೋರ್ಟಿನ ಡಿಕ್ರಿ ಎಂದು ನಡೆಯುತ್ತದೆ. ನನ್ನ ಬೇಡಿಕೆ ಸಣ್ಣದು. ಮುಂಗಡ ಬರೆಯುವ ಕಾಗದದಲ್ಲೇ ಕೆಲಸದ ಜಾಗ, ಮಾಲೀಕನ ಹೆಸರು, ಒಬ್ಬೊಬ್ಬರ ದಿನದ ಪಗಾರ, ವಾರದ ಖರ್ಚಿ, ಮುಂಗಡ ಮುರಿಯುವ ಬಗೆ, ಇಷ್ಟನ್ನು ಬರೆಯದಿದ್ದರೆ ಸೀಲು ಹಾಕಬಾರದು. ಒಂದು ಪ್ರತಿ ಆಳಿನ ಕೈಗೆ ಹೋಗಬೇಕು, ಒಂದು ಗ್ರಾಮ ಪಂಚಾಯಿತಿಗೆ. ಶಹಾಪುರದ ಒಬ್ಬ ಬಾಂಡ್ ರೈಟರಿಗೆ ಇದನ್ನು ಹೇಳಿದಾಗ ಆತ ಪೆನ್ನಿನ ಮುಚ್ಚಳ ಹಾಕಿ, ‘ಮೇಡಂ, ನಾ ಹಂಗ ಬರದ್ರ ಮೇಸ್ತ್ರಿ ಬಾಜೂ ಟೇಬಲ್ಲಿಗೆ ಹೋಗ್ತಾನ, ಅವ ಬರಕೊಡ್ತಾನ’ ಎಂದ. ಅವನು ಹೇಳಿದ್ದು ಖರೆ. ಒಬ್ಬನೇ ನೆಟ್ಟಗಾದರೆ ಅವನ ಹೊಟ್ಟೆಗೇ ಕಲ್ಲು. ಅದಕ್ಕೇ ಇದನ್ನು ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಕಾರ್ಮಿಕ ಇಲಾಖೆ ಕೂಡಿ ಮಾಡಬೇಕು: ಒಂದೇ ಪುಟದ ಮಾದರಿ ಕರಾರು ಅಚ್ಚುಹಾಕಿಸಿ, ಮೂರೂ ಊರಿನ ಎಲ್ಲ ಟೇಬಲ್ಲಿಗೂ, ಎಲ್ಲ ನೋಟರಿಗೂ ಹಂಚಿ, ದಸರಾ ಮುಗಿದು ಜನ ಗಂಟು ಕಟ್ಟುವ ಮೊದಲು.