ಒಂದು ಏರುಪೇರಿನ ಆಟ

ಆಟವು ಮೊದಲಿನಿಂದ ಕಡೆಯವರೆಗೂ ಕೆಟ್ಟರೆ ಪ್ರೇಕ್ಷಕನಿಗೆ ಕಷ್ಟವಿಲ್ಲ. ಎದ್ದು ಮನೆಗೆ ಬಂದು ಮಲಗಬಹುದು. ಒಂದೇ ಸಂಜೆಯಲ್ಲಿ ಕಸವೂ ರಸವೂ ಬೆರೆತು ಬಂದಾಗಲೇ ಅವನಿಗೆ ನಿದ್ದೆ ಬಾರದು. ಕಳೆದ ಮಾಘಮಾಸದಲ್ಲಿ ಸಿದ್ದಾಪುರದ ಸಮೀಪದ ಒಂದು ಹಳ್ಳಿಯಲ್ಲಿ ನಡೆದ ‘ಭೀಷ್ಮವಿಜಯ’ವು ಈ ಜಾತಿಯದು. ಮಂಡಳಿಯ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲಿ ಬೇಡ. ಶಿರಸಿ, ಯಲ್ಲಾಪುರಗಳ ವಾಚಕರು ಇದನ್ನು ತಮ್ಮ ಊರಿನ ಕಥೆಯೆಂದೇ ತಿಳಿದರೂ ಅಡ್ಡಿಯಿಲ್ಲ.

ಆಟದ ಹೊತ್ತು ಸಂಜೆ ಆರೂವರೆಯೆಂದು ಕರಪತ್ರದಲ್ಲಿತ್ತು. ಅಡಿಕೆ ಸುಲಿಯುವ ದಿನಗಳಾದರೂ ಹೆಂಗಸರು ಕತ್ತಿಗಳನ್ನು ಬದಿಗಿಟ್ಟು, ಮಕ್ಕಳನ್ನು ಕರೆದುಕೊಂಡು ಹೊತ್ತಿಗೆ ಸರಿಯಾಗಿ ಬಂದಿದ್ದರು. ಬಂದವರಿಗೆ ದೊರೆತದ್ದು ಸನ್ಮಾನ ಸಮಾರಂಭ. ಶಾಲು ಹೊದೆದವರೆಲ್ಲರೂ ಯೋಗ್ಯರೇ ಸರಿ. ಆದರೆ ಅವರ ಯೋಗ್ಯತೆಯನ್ನು ವರ್ಣಿಸಲು ಒಂದೂಕಾಲು ಗಂಟೆ ಹಿಡಿಯಿತು. 2000ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳು ಬಂದಂದಿನಿಂದ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದು ಎಲ್ಲರಿಗೂ ತಿಳಿದದ್ದೇ. ಹೀಗಾಗಿ ಹಿಂದೆ ಇಡೀ ರಾತ್ರಿ ಆಡುತ್ತಿದ್ದ ಪ್ರಸಂಗಕ್ಕೆ ಎರಡು ಗಂಟೆಯಷ್ಟೇ ಉಳಿಯಿತು.

ಕತ್ತರಿ ಮೊದಲು ಬಿದ್ದದ್ದು ಒಡ್ಡೋಲಗಕ್ಕೆ. ತೆರೆಯ ಮರೆಯಿಂದ ವೇಷವು ಸ್ವಲ್ಪ ಸ್ವಲ್ಪವಾಗಿ ತೋರಿ, ಮುಂಡಾಸು ಕಂಡು, ಮುಖ ಕಂಡು, ಕಡೆಗೆ ತೆರೆ ಸರಿದು ವೀರನು ಪೂರ್ಣವಾಗಿ ನಿಲ್ಲುವ ಆ ಕ್ರಮವು ಬಡಗುತಿಟ್ಟಿನ ಅಲಂಕಾರವಷ್ಟೇ ಅಲ್ಲ. ಇವನು ನಮ್ಮಂಥ ಮನುಷ್ಯನಲ್ಲವೆಂದು ಕಣ್ಣಿಗೆ ಕಲಿಸುವ ಪಾಠವದು. ಅದಿಲ್ಲದೆ ಭೀಷ್ಮನು ಬಸ್ಸಿನಿಂದ ಇಳಿದವನಂತೆ ರಂಗಸ್ಥಳಕ್ಕೆ ಬಂದನು.

ಸಾಲ್ವನಿಗೆ ಮಾತ್ರ ಹೊತ್ತಿನ ಕೊರತೆಯಿರಲಿಲ್ಲ. ತರುಣ ವೇಷಧಾರಿ; ಮೈಯಲ್ಲಿ ಬಲವಿದೆ, ಕಾಲಿನಲ್ಲಿ ತಾಳವಿದೆ. ಮಂಡಿಕುಣಿತಕ್ಕೆ ಇಳಿದವನು ಸುತ್ತಿಯೇ ಸುತ್ತಿದನು. ಹಿಂದಿನ ಸಾಲಿನವರು ಸುತ್ತುಗಳನ್ನು ಗಟ್ಟಿಯಾಗಿ ಎಣಿಸಿ ಸಿಳ್ಳು ಹಾಕಿದರು. ಎಣಿಕೆ ಇಪ್ಪತ್ತನ್ನು ದಾಟುವಾಗ ಸಾಲ್ವನು ಭೀಷ್ಮನಿಗೆ ಸೋತು ಅವಮಾನಿತನಾದ ಅರಸನೆಂಬುದನ್ನು ಅವನೂ ಮರೆತಿದ್ದನು, ನಾವೂ ಮರೆತಿದ್ದೆವು. ಅಂಬೆಯನ್ನು ಅವನು ನಿರಾಕರಿಸುವ ಮಾತು, ಪ್ರಸಂಗದ ಕೀಲು, ನಾಲ್ಕೇ ವಾಕ್ಯಗಳಲ್ಲಿ ಮುಗಿದುಹೋಯಿತು.

ಎದ್ದು ಹೊರಡುವುದೇ ಲೇಸೆಂದುಕೊಳ್ಳುತ್ತಿರುವಾಗ ಅಂಬೆಯು ಭೀಷ್ಮನ ಬಳಿಗೆ ಮರಳಿ ಬಂದಳು. ಭಾಗವತರು ಪದ್ಯವನ್ನು ಝಂಪೆಯಲ್ಲಿ ವಿಳಂಬವಾಗಿ ಎತ್ತಿಕೊಂಡರು. ಚಂಡೆ ಸುಮ್ಮನಾಯಿತು, ಮದ್ದಳೆಯೊಂದೇ ಉಳಿಯಿತು. ಸ್ತ್ರೀವೇಷದವರು ಐವತ್ತು ದಾಟಿದ ಗಂಡಸರು, ಕೊರಳು ತುಸು ಒಡೆದಿತ್ತು. ಅವರು ಅಳಲಿಲ್ಲ. ತನ್ನ ಕೈಯನ್ನು ತಾನೇ ನೋಡಿಕೊಂಡರು. ರಥಕ್ಕೆ ಎಳೆದುಕೊಂಡದ್ದು ಇದೇ ಕೈಯನ್ನಲ್ಲವೇ ಎಂಬಂತೆ ಅದನ್ನು ಭೀಷ್ಮನ ಕಡೆಗೆ ಚಾಚಿ, ಅವನು ಮುಖ ತಿರುಗಿಸಿದೊಡನೆ ಸೆರಗಿನೊಳಗೆ ಮರೆಮಾಡಿದರು. ಅಷ್ಟೇ. ಹೆಜ್ಜೆ ಮೂರೋ ನಾಲ್ಕೋ ಇದ್ದೀತು. ಬಸ್ಸಿನಿಂದ ಇಳಿದಂತಿದ್ದ ಭೀಷ್ಮನೂ ಈಗ ಬದಲಾದನು. ಪ್ರತಿಜ್ಞೆಯನ್ನು ಹೇಳುವಾಗ ಅವನ ಧ್ವನಿಯಲ್ಲಿ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗಿತ್ತು. ನನ್ನ ಮುಂದೆ ಕುಳಿತಿದ್ದ ಎಂಟೊಂಬತ್ತು ವರ್ಷದ ಹುಡುಗಿಯು ತಾಯಿಯ ಸೀರೆ ಜಗ್ಗಿ, “ಆಯಿ, ಹಂಗಾರೆ ಅದು ಈಗ ಎಲ್ಲಿಗೆ ಹೋಗವು?” ಎಂದು ಕೇಳಿದಳು. ತಾಯಿಯು ಉತ್ತರ ಕೊಡದೆ ರಂಗಸ್ಥಳವನ್ನೇ ನೋಡುತ್ತಿದ್ದಳು.

ಹೊತ್ತು ಕಿರಿದಾದರೆ ಕಲೆ ಕೆಡಲೇಬೇಕೆಂದೇನೂ ಇಲ್ಲ. ಘಟ್ಟದ ಕೆಳಗಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಂಡಳಿಯನ್ನು ಮುನ್ನಡೆಸಿದ ಅವರ ಮಗ ಶಂಭು ಹೆಗಡೆಯವರು ಕಿರುಹೊತ್ತಿನ ಆಟವನ್ನು ಅಚ್ಚುಕಟ್ಟಾಗಿ ಹೆಣೆದು ತೋರಿಸಿದರು. ಅವರು ದಿಲ್ಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತವರು. ಆ ಗುರುವಾದರೋ ಮಾಸ್ಕೋದಲ್ಲಿ ಆ ವಿದ್ಯೆಯನ್ನು ಅಭ್ಯಾಸಮಾಡಿದವರು. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕೆಂಬುದನ್ನು ಆಟಕ್ಕೆ ಮುಂಚೆಯೇ ನಿಶ್ಚಯಿಸುವುದು ಆ ವಿದ್ಯೆಯ ಒಂದು ಭಾಗ. ನಮ್ಮ ಊರಿನಲ್ಲಿ ಅದನ್ನು ನಿಶ್ಚಯಿಸಿದ್ದು ಸನ್ಮಾನದ ಭಾಷಣಕಾರರು, ಆಮೇಲೆ ಸಿಳ್ಳು ಹಾಕಿದವರು.

ಉಳಿದದ್ದನ್ನು ಬೇಗನೆ ಹೇಳಿಬಿಡುವೆನು, ಅವರೂ ಬೇಗನೆ ಮುಗಿಸಿದರು. ಅಂಬೆಯು ಪರಶುರಾಮನನ್ನು ಮೊರೆಹೊಕ್ಕದ್ದು, ಗುರುಶಿಷ್ಯರ ಯುದ್ಧ, ಅವಳ ಅಗ್ನಿಪ್ರವೇಶ, ಎಲ್ಲವೂ ಸೇರಿ ಹನ್ನೆರಡು ನಿಮಿಷ. ಹತ್ತಕ್ಕೆ ಸರಿಯಾಗಿ ಮಂಗಳ ಹಾಡಿದರು. ಆ ಹುಡುಗಿಯು ತಾಯಿಯ ಹೆಗಲ ಮೇಲೆ ಎಚ್ಚರವಾಗಿಯೇ ಇದ್ದಳು. ದಾರಿಯುದ್ದಕ್ಕೂ ಕಥೆಯ ಉಳಿದ ಭಾಗವನ್ನು ತಾಯಿಯೇ ಹೇಳಬೇಕಾಯಿತು. ವ್ಯವಸ್ಥಾಪಕರೊಡನೆ ಮಾತನಾಡಿದ್ದೇನೆ. ಬರುವ ವರ್ಷ ಸನ್ಮಾನವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಳ್ಳುವುದಾಗಿ ಒಪ್ಪಿದ್ದಾರೆ. ಕರಪತ್ರವು ಅಚ್ಚಾಗಿ ಬರುವವರೆಗೆ ನಾನು ನಂಬುವುದಿಲ್ಲ.